ಕೇಳದೆ ಕಿತ್ತ ಹೂ

ಹಿರಿಯರು ಹೂ ಕಿತ್ತದ್ದು ನಿಜ. ಆ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ, ಅವರಿಗಂತೂ ಇಲ್ಲವೇ ಇಲ್ಲ. ಆದರೆ ಕೋರ್ಟಿನಲ್ಲಿ ಅವರ ಮೇಲಿದ್ದ ಆರೋಪ ಹೂವಿನದಲ್ಲ. ಪೊಲೀಸ್ ಅಧಿಕಾರಿಯ ಕರ್ತವ್ಯಕ್ಕೆ ಬೇಕೆಂದೇ ಅಡ್ಡಿಪಡಿಸಿದರು ಎಂಬುದು. ಈ ಎರಡರ ನಡುವೆ ಓಡಾಡಿ ಓಡಾಡಿ ನಾನು ಆ ವಸಂತವನ್ನು ಕಳೆದೆ.

ನಾನು ಮನೆವಾರ್ತೆ ನೋಡಿಕೊಂಡಿರುವವಳು. ಮನೆ ಅಮೆರಿಕದ ವುಡಿನ್‌ವಿಲ್‌ನಲ್ಲಿ. ಕನ್ನಡ ಬಿಟ್ಟು ಬೇರೆ ಬಾರದವರು ಆಸ್ಪತ್ರೆಗೋ ಕೋರ್ಟಿಗೋ ಬಂದಾಗ ಏಜೆನ್ಸಿಯಿಂದ ಫೋನ್ ಬರುತ್ತದೆ. ಮಂಡಿ ಆಪರೇಷನ್ ಆಗಿ ಮಲಗಿರುವ ಅತ್ತೆಯವರ ಊಟ, ಮಗಳ ಸ್ಕೂಲು ಎಲ್ಲ ಹೊಂದಿಸಿಟ್ಟು ದುಭಾಷಿಯ ಕೆಲಸಕ್ಕೆ ಹೋಗುತ್ತೇನೆ. ಆ ಕೋರ್ಟು ಯಾವ ಊರಿನದು ಎಂದು ಬರೆಯುವುದಿಲ್ಲ. ವಕೀಲರ ಕೋಣೆಯೊಳಗೆ ಹಿರಿಯರೂ ಅವರ ವಕೀಲರೂ ಆಡಿದ ಮಾತುಗಳನ್ನೂ ಬರೆಯುವುದಿಲ್ಲ. ಅದನ್ನು ಹೊರಗೆ ಆಡುವ ಅಧಿಕಾರ ನನಗಿಲ್ಲ. ಎಲ್ಲರೆದುರು ನಡೆದದ್ದು, ಹೊರಗೆ ಕಾರಿಡಾರಿನಲ್ಲಿ ನನ್ನ ಕಿವಿಗೆ ಬಿದ್ದದ್ದು, ಇಷ್ಟೇ ಇಲ್ಲಿರುವುದು.

ಈ ಕೆಲಸಕ್ಕೆ ಕೆಲವು ಕಟ್ಟುಪಾಡುಗಳಿವೆ. ಬಲಗೈ ಎತ್ತಿ ಪ್ರಮಾಣ ಮಾಡಬೇಕು. ಮಾತಿಗೆ ಏನೂ ಸೇರಿಸಬಾರದು, ಏನೂ ಬಿಡಬಾರದು, ಚಂದಗಾಣಿಸಬಾರದು. ಬೇರೆಯವರು ಇಂಗ್ಲಿಷಿನಲ್ಲಿ ಆಡುವಾಗ ಕಕ್ಷಿದಾರರ ಕಿವಿಯ ಹತ್ತಿರ ಪಿಸುದನಿಯಲ್ಲಿ ಕನ್ನಡ ಹೇಳುತ್ತಾ ಹೋಗಬೇಕು. ಅವರು ಕನ್ನಡದಲ್ಲಿ ಹೇಳಿದ್ದನ್ನು ಮುಗಿಸಲು ಬಿಟ್ಟು, ನಂತರ ಗಟ್ಟಿಯಾಗಿ ಇಂಗ್ಲಿಷಿಗೆ ತರಬೇಕು. ಅದೂ ‘ಅವರು ಹೀಗೆ ಹೇಳುತ್ತಿದ್ದಾರೆ’ ಎಂದಲ್ಲ. ಅವರು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು. ನನ್ನದೇ ಮಾತೇನಾದರೂ ಇದ್ದರೆ ‘ದುಭಾಷಿ ವಿನಂತಿಸುತ್ತಾರೆ’ ಎಂದು ಯಾರದೋ ಹೆಸರಿನಂತೆ ನನ್ನನ್ನು ಕರೆದುಕೊಳ್ಳಬೇಕು. ಕಕ್ಷಿದಾರರ ಜೊತೆ ಒಬ್ಬಳೇ ಕೂರುವಂತಿಲ್ಲ, ಸಲಹೆ ಕೊಡುವಂತಿಲ್ಲ.

ಮೊದಲ ಹಾಜರಿಯ ದಿನ ಜೋರು ಮಳೆ. ಹೆದ್ದಾರಿಯಲ್ಲಿ ಕಾರುಗಳು ಇರುವೆ ಸಾಲಿನ ಹಾಗೆ ತೆವಳುತ್ತಿದ್ದವು. ಹೇಗೋ ಬಾಗಿಲ ಹತ್ತಿರವೇ ಪಾರ್ಕಿಂಗ್ ಸಿಕ್ಕಿತು. ದೇವರು ದೊಡ್ಡವನು ಅಂದುಕೊಂಡು ಒಳಗೆ ಹೋದೆ.

ಹಿರಿಯರು ಬಿಳಿ ಅಂಗಿ, ವಿಭೂತಿ, ಕೈಯಲ್ಲಿ ಮಡಿಸಿದ ಮಂಕಿ ಕ್ಯಾಪು. ತುಮಕೂರು ಸೀಮೆಯವರು, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಹಟ ಮಾಡಿ ಕರೆಸಿಕೊಂಡಿದ್ದಳು. ಮಗಳು ವಿಮಾನದ ರೆಕ್ಕೆಗಳ ಲೆಕ್ಕ ಮಾಡುವ ಎಂಜಿನಿಯರು. ಕಣ್ಣಿನ ಕೆಳಗೆ ಕಪ್ಪು, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅಪ್ಪನ ಔಷಧಿಯ ಚೀಲ.

“ನೀವ್ಯಾವ ಕಡೆಯೋರು ತಾಯಿ?” ಎಂದು ಹಿರಿಯರು ಕೇಳಿದರು.

ಅಷ್ಟು ಸಣ್ಣ ಮಾತಿಗೂ ಬೆಳೆಸಿ ಉತ್ತರ ಕೊಡಬಾರದು ಅನ್ನುವುದು ಕೆಲಸದ ಕಷ್ಟಗಳಲ್ಲೊಂದು. ಮೈಸೂರು ಎಂದಷ್ಟೇ ಹೇಳಿ, ದೂರದ ಬೆಂಚಿಗೆ ಹೋಗಿ ಕೂತೆ. ಅವರು ಮಗಳಿಗೆ ಹೇಳುತ್ತಿದ್ದುದು ಕೇಳಿಸಿತು: “ಆ ತಾಯಿಗೆ ಬಲು ಬಿಂಕ ಕಣವ್ವ.”

ಅಂದು ಆರೋಪ ಓದಿದರು, ನಾನು ಕನ್ನಡದಲ್ಲಿ ಹೇಳಿದೆ. ವಾಡಿಕೆಯಂತೆ ‘ತಪ್ಪಿತಸ್ಥನಲ್ಲ’ ಎಂದು ವಕೀಲರು ದಾಖಲಿಸಿದರು. ಆಕೆ ಹಿರಿಯರ ಪರ ವಾದಿಸಲು ಸರ್ಕಾರವೇ ಕೊಟ್ಟ ವಕೀಲೆ, ಮೂವತ್ತರ ಆಸುಪಾಸು, ಬೆನ್ನಿಗೆ ಕಾಲೇಜು ಹುಡುಗಿಯ ಹಾಗೆ ಚೀಲ. ಕೇಸು ಮುಗಿಯುವವರೆಗೆ ದೇಶ ಬಿಡಬಾರದು ಎಂದು ನ್ಯಾಯಾಧೀಶರು ಷರತ್ತು ಹಾಕಿದರು. ಆಗ ಹಿರಿಯರು ಮೊದಲ ಸಲ ಗಾಬರಿಯಾದರು. ಹೆಂಡತಿಯ ವರ್ಷದ ಪೂಜೆ ಊರಿನಲ್ಲಿ, ಹೊಲದ ಬದುವಿನ ಸಮಾಧಿಯ ಹತ್ತಿರ ಆಗಬೇಕಿತ್ತು. ಟಿಕೆಟ್ ತೆಗೆದಾಗಿತ್ತು.

ಮುಂದಿನ ಸಲ ಹೋಗುವಷ್ಟರಲ್ಲಿ ಸರ್ಕಾರದ ಕಡೆಯವರು ಒಂದು ರಾಜಿಯನ್ನು ಮುಂದಿಟ್ಟಿದ್ದರು. ಅಡ್ಡಿಪಡಿಸಿದ ಆರೋಪ ಕೈಬಿಟ್ಟು ಅದಕ್ಕಿಂತ ಹಗುರಾದ, ಸಾರ್ವಜನಿಕ ಶಾಂತಿಗೆ ಭಂಗ ತಂದ ಆರೋಪಕ್ಕೆ ಇಳಿಸುತ್ತಾರೆ. ಹಿರಿಯರು ತಪ್ಪು ಒಪ್ಪಿಕೊಂಡರೆ ಜೈಲಿಲ್ಲ, ಅಂದೇ ಮುಗಿಯುತ್ತದೆ, ಶುಕ್ರವಾರದ ವಿಮಾನ ಹತ್ತಬಹುದು. ಆದರೆ ಅಪರಾಧ ಅವರ ಹೆಸರಿನ ಮೇಲೆ ಉಳಿಯುತ್ತದೆ. ವೀಸಾ ಮೇಲೆ ಬಂದವರಿಗೆ ಅದು ಮುಂದೆ ತೊಂದರೆ ತರಬಹುದು ಎಂಬ ಎಚ್ಚರಿಕೆಯನ್ನು ತೆರೆದ ಕೋರ್ಟಿನಲ್ಲೇ ಓದಿ ಹೇಳಿದರು. ಮತ್ತೆ ಮಗಳ ಮನೆಗೆ ಬರುವುದು ಅನುಮಾನ, ಅಷ್ಟೇ ಅದರ ಅರ್ಥ.

ನಮ್ಮ ಸರದಿ ಬರುವ ಮುಂಚೆ ಕಾರಿಡಾರಿನಲ್ಲಿ ಮಗಳು ನನ್ನ ಹತ್ತಿರ ಬಂದಳು.

“ಆಂಟಿ, ಒಂದ್ ಮಾತು. ಅಪ್ಪ ಒಳಗಡೆ ಏನೇನೋ ಮಾತಾಡ್ತಾರೆ. ನೀವು ಸ್ವಲ್ಪ ಸರಿ ಮಾಡಿ ಹೇಳ್ಬಿಡಿ, ಪ್ಲೀಸ್. ಎಸ್ ಅಂತ ಬಂದ್ರೆ ಸಾಕು.”

“ಹಾಗೆ ಹೇಳೋ ಹಾಗಿಲ್ಲಮ್ಮ. ಏನಿದ್ರೂ ಲಾಯರ್ ಹತ್ರ ಕೇಳು.”

“ಲಾಯರ್ ಒಪ್ಕೋಬೇಡಿ ಅಂತಾನೇ ಹೇಳ್ತಿದಾರೆ. ಆದ್ರೆ ಟ್ರಯಲ್‌ಗೆ ಹೋದ್ರೆ ತಿಂಗಳುಗಟ್ಲೆ ಆಗತ್ತಂತೆ. ಅಮ್ಮನ ಪೂಜೆ ಆಂಟಿ. ಅಪ್ಪ ಇಲ್ದೆ ಯಾರ್ ಮಾಡ್ತಾರೆ? ನೀವು ನಮ್ಮೋರಲ್ವಾ?”

ನಾನು ತಂದಿದ್ದ ಫ್ಲಾಸ್ಕಿನ ಕಾಫಿ ಇನ್ನೂ ಬೆಚ್ಚಗಿತ್ತು. ಅವಳಿಗೊಂದು ಲೋಟ ಬಗ್ಗಿಸಿ ಕೊಡಬೇಕೆನ್ನಿಸಿತು. ಅದನ್ನೂ ಮಾಡುವಂತಿರಲಿಲ್ಲ. ಎದ್ದು ಬೇರೆ ಬೆಂಚಿಗೆ ಹೋದೆ.

ಒಳಗೆ ನ್ಯಾಯಾಧೀಶರು, ನನ್ನ ಪುಣ್ಯ, ನಿಧಾನವಾಗಿ ಮಾತಾಡುವವರು. ತಪ್ಪೊಪ್ಪಿಕೊಂಡರೆ ಕಳೆದುಕೊಳ್ಳುವ ಒಂದೊಂದೇ ಹಕ್ಕನ್ನು ಹೇಳಿ, ಅದನ್ನು ಬಿಟ್ಟುಕೊಡುತ್ತೀರಾ ಎಂದು ಕೇಳುತ್ತಾ ಹೋದರು. ಹಿರಿಯರು ಪ್ರತಿಯೊಂದಕ್ಕೂ “ಹೂಂ ಸ್ವಾಮಿ” ಅಂದರು. ಕೊನೆಗೆ ಇಲ್ಲಿಯ ಪದ್ಧತಿಯಂತೆ ನ್ಯಾಯಾಧೀಶರು ಕೇಳಿದರು: “ನೀವು ಯಾವ ತಪ್ಪು ಮಾಡಿದ್ದೀರಿ ಎಂದು ಒಪ್ಪಿಕೊಳ್ಳುತ್ತಿದ್ದೀರಿ? ನಿಮ್ಮ ಮಾತಿನಲ್ಲೇ ಹೇಳಿ.”

ಹಿರಿಯರು ಎದ್ದು ನಿಂತು ಕೈಮುಗಿದರು.

“ಯಾರನ್ನೂ ಕೇಳ್ದೆ ಹೂ ಕಿತ್ತೆ ಸ್ವಾಮಿ. ನಮ್ಮೂರಲ್ಲಿ ಲೈನ್‌ಮನ್ ಆಗಿದ್ದೋನು ನಾನು, ಕಂಬ ಹತ್ತೋಕೆ ಎಲ್ಲರ ಹಿತ್ತಲಿಗೂ ನುಗ್ತಿದ್ದೆ. ಬರೋವಾಗ ಲಿಂಗಪೂಜೆಗೆ ನಾಕು ಹೂ ಕಿತ್ಕೊಂಡ್ ಬಂದ್ರೆ ಯಾರೂ ಏನೂ ಅಂತಿರ್ಲಿಲ್ಲ. ಅದೇ ಚಾಳಿ. ತಪ್ಪಾಯ್ತು. ಏನ್ ಶಿಕ್ಷೆ ಕೊಡ್ತೀರೋ ಕೊಡಿ.”

ನಾನು ಅಷ್ಟನ್ನೂ ಇಂಗ್ಲಿಷಿನಲ್ಲಿ, ‘ನಾನು ಹೂ ಕಿತ್ತೆ’ ಎಂದೇ ಹೇಳಿದೆ. ನ್ಯಾಯಾಧೀಶರು ಕನ್ನಡಕ ತೆಗೆದರು.

“ಹೂವಿನ ವಿಷಯ ಕೇಳುತ್ತಿಲ್ಲ. ಅಧಿಕಾರಿ ನಿಲ್ಲಿ ಎಂದಾಗ ನೀವು ಮಾಡಿದ್ದು ತಪ್ಪು ಎಂದು ಒಪ್ಪುತ್ತೀರಾ?”

ಹಿರಿಯರು ನನ್ನ ಮುಖ ನೋಡಿದರು, ನ್ಯಾಯಾಧೀಶರ ಮುಖ ನೋಡಿದರು.

“ಪೊಲೀಸಪ್ಪಂಗೆ ನಾನೇನ್ ತಪ್ಪ್ ಮಾಡ್ದೆ? ಅವನದ್ದೇನ್ ಕಿತ್ತಿದ್ದೆ?”

ಬಾಯಿ ತೆರೆಯುವ ಸರದಿ ನನ್ನದು. ಆ ಮಾತನ್ನು ಬಗ್ಗಿಸುವುದು ಬಹಳ ಸುಲಭವಿತ್ತು. ‘ನಾನು ಅವರ ಮಾತು ಕೇಳಲಿಲ್ಲ’ ಅಂದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವರು ನಾನೂ ಮಗಳೂ ಮಾತ್ರ, ಅವಳು ಎರಡು ಕೈಯಲ್ಲೂ ಬೆಂಚಿನ ಅಂಚನ್ನು ಹಿಡಿದುಕೊಂಡು ಅದನ್ನೇ ಕಾಯುತ್ತಿದ್ದಳು. ಶುಕ್ರವಾರ ವಿಮಾನ. ಹೊಲದ ಬದುವಿನಲ್ಲಿ ಪೂಜೆ. ನನಗೂ ಮನೆ ಸೇರಿದರೆ ಸಾಕಾಗಿತ್ತು, ಅತ್ತೆಯವರು ಊಟಕ್ಕೆ ಕಾದಿದ್ದರು. ಆದರೆ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿದ ಕೈಯನ್ನೇ ಎತ್ತಿ ಅಲ್ಲಿ ಪ್ರಮಾಣ ಮಾಡಿದ್ದೆ. ಅವರು ಒಪ್ಪಿಕೊಳ್ಳುತ್ತಿದ್ದ ತಪ್ಪು ಒಂದು, ಕಾಗದದ ಮೇಲೆ ಬರುವ ತಪ್ಪು ಇನ್ನೊಂದು. ಅದನ್ನು ನನ್ನ ಬಾಯಿಯಿಂದ ಒಂದು ಮಾಡಲು ಆಗಲಿಲ್ಲ.

ಅವರ ದನಿ ಏರಿದಲ್ಲಿ ನನ್ನ ದನಿಯನ್ನೂ ಏರಿಸಿ, ಇದ್ದ ಹಾಗೇ ಹೇಳಿದೆ. ಕೇಳಿದವರಿಗೆ ಉದ್ಧಟತನ ಅನ್ನಿಸುವ ಮಾತೆಂದು ಗೊತ್ತಿತ್ತು. ಸರ್ಕಾರದ ವಕೀಲರು ಹುಬ್ಬೇರಿಸಿದರು. ನ್ಯಾಯಾಧೀಶರು ಮುಂದಿದ್ದ ಕಾಗದವನ್ನು ಪಕ್ಕಕ್ಕೆ ಸರಿಸಿ, “ಯಾವುದಕ್ಕೆ ಒಪ್ಪುತ್ತಿದ್ದೇನೆಂದು ಇವರಿಗೆ ಅರ್ಥವಾಗಿಲ್ಲ. ಈ ತಪ್ಪೊಪ್ಪಿಗೆಯನ್ನು ನಾನು ಸ್ವೀಕರಿಸಲಾರೆ,” ಎಂದು ಬೇರೆ ದಿನ ಕೊಟ್ಟರು.

ಹೊರಗೆ ಮಗಳು ನನ್ನನ್ನು ದಾಟಿ ಹೋಗುವಾಗ ನಿಂತಳು.

“ನಿಮ್ಮಿಂದ ನಮ್ಮಮ್ಮನ ಪೂಜೆ ತಪ್ಪೋಯ್ತು ಆಂಟಿ. ನೆನಪಿರ್ಲಿ.”

ನೆನಪಿತ್ತು. ಆ ಶುಕ್ರವಾರವಿಡೀ ನೆನಪಿತ್ತು. ಅನ್ನ ಸೀಯಿಸಿದೆ. ನನ್ನ ಮಗಳು ಸ್ಕೂಲಿನಿಂದ ಬಂದವಳೇ, “ಅಮ್ಮಾ, ಯು ಲುಕ್ ಸೋ ಟೈರ್ಡ್,” ಅಂದಳು. ಅತ್ತೆಯವರು ಮಲಗಿದಲ್ಲಿಂದಲೇ, “ಅವಳ ಕೆಲಸ ಹಾಗಿದೆ. ಊರೋರ ಮಾತೆಲ್ಲ ಅವಳ ಬಾಯಲ್ಲಿ, ಅವಳ ಮಾತು ಯಾರ ಬಾಯಲ್ಲೂ ಇಲ್ಲ,” ಅಂದರು. ಸೊಸೆಯ ಪರ ಅವರು ಮಾತಾಡುವುದು ಅಪರೂಪ. ಅದನ್ನೊಂದು ಕೃಪೆಯೆಂದು ಇಟ್ಟುಕೊಂಡೆ.

ಮುಂದಿನ ಹಾಜರಿಯ ದಿನ ಅಧಿಕಾರಿಗೆ ರಜೆ ಎಂದು ಮುಂದೂಡಿದರು. ಅದರ ಮುಂದಿನ ಹಾಜರಿಯಲ್ಲಿ ಬೇರೊಂದು ಕೇಸು ಎಳೆದುಕೊಂಡು ಹೋಗಿ ನಮ್ಮದನ್ನು ಕರೆಯಲೇ ಇಲ್ಲ. ಎರಡು ಸಲವೂ ಅಷ್ಟು ದೂರ ಹೋಗಿ, ಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಂಡು ವಾಪಸು ಬಂದೆ. ಹಿರಿಯರು ದೂರದಿಂದಲೇ ಕೈಮುಗಿಯುತ್ತಿದ್ದರು. ಮಗಳು ಫೋನಿನಿಂದ ತಲೆ ಎತ್ತುತ್ತಿರಲಿಲ್ಲ.

ಕೊನೆಗೂ ವಿಚಾರಣೆ ನಡೆಯಿತು. ಅಷ್ಟರಲ್ಲಿ ಬಿಸಿಲು ಬಂದಿತ್ತು. ವಕೀಲೆ ಎರಡು ಅರ್ಜಿ ಹಾಕಿದ್ದರು. ಒಂದು, ಹಿರಿಯರನ್ನು ತಡೆದು ನಿಲ್ಲಿಸಲು ಅಧಿಕಾರಿಗೆ ತಕ್ಕ ಕಾರಣವೇ ಇರಲಿಲ್ಲ ಎಂಬುದು. ಇನ್ನೊಂದು, ಪೊಲೀಸರು ಬರೆದದ್ದೆಲ್ಲ ಅಕ್ಷರಶಃ ನಿಜವೆಂದೇ ಇಟ್ಟುಕೊಂಡರೂ ಅದರಿಂದ ಅಪರಾಧ ಆಗುವುದಿಲ್ಲ ಎಂಬುದು.

ಅಧಿಕಾರಿ ಸಾಕ್ಷಿ ಹೇಳಲು ಬಂದರು. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರೆಂದು ಕಾಣುತ್ತದೆ, ಕಣ್ಣು ಕೆಂಪಗಿತ್ತು. ಬೆಳಕು ಹರಿಯುವ ಮುಂಚೆ, ಮುಖ ಮುಚ್ಚಿಕೊಂಡವನೊಬ್ಬ ಮನೆಯಂಗಳದ ಪೊದೆಯಲ್ಲಿದ್ದಾನೆ ಎಂದು ಒಂಟಿ ಹೆಂಗಸೊಬ್ಬರು ಫೋನ್ ಮಾಡಿದ್ದರು. ಅಧಿಕಾರಿ ಅಲ್ಲಿಗೆ ಹೋದಾಗ ಹಿರಿಯರು ಏನನ್ನೋ ಎದೆಗವಚಿಕೊಂಡು ನಡೆದು ಹೋಗುತ್ತಿದ್ದರು.

“ಮುಖಗವಸು ಹಾಕಿದ್ದರು,” ಎಂದು ಅಧಿಕಾರಿ ಅಂದದ್ದನ್ನು ನಾನು ಪಿಸುಗುಟ್ಟಿದೆ.

ಹಿರಿಯರು ವಕೀಲೆಯ ಕಡೆಗೆ ಬಗ್ಗಿ, “ಮಂಕಿ ಕ್ಯಾಪ್ ಕಣವ್ವ! ಚಳಿಗೆ ಮಗ್ಳೇ ಹಾಕ್ಸಿದ್ಳು,” ಅಂದರು. ಪಿಸುದನಿ ಎಂದು ಅವರು ತಿಳಿದದ್ದು ಇಡೀ ಕೋಣೆಗೆ ಕೇಳಿಸಿತು. ಏನೆಂದರು ಎಂದು ನ್ಯಾಯಾಧೀಶರು ಕೇಳಿದಾಗ ವಕೀಲೆ ತಲೆಯಾಡಿಸಿ ಅನುಮತಿ ಕೊಟ್ಟರು, ನಾನು ಹೇಳಿದೆ. ಜೋಬಿನಿಂದ ಟೋಪಿ ತೆಗೆದು ಹಿರಿಯರು ತೋರಿಸಿಯೂಬಿಟ್ಟರು. ಅಧಿಕಾರಿಯೇ ನಗು ತಡೆದುಕೊಂಡರು.

ಆಮೇಲೆ ಅಧಿಕಾರಿಯ ಎದೆಯ ಮೇಲಿದ್ದ ಕ್ಯಾಮೆರಾದ ವಿಡಿಯೊ ಹಾಕಿದರು. ಜಿನುಗು ಮಳೆ, ಬೀದಿದೀಪ. ಪಂಚೆ, ಮೇಲೆ ಸ್ವೆಟರು, ಟೋಪಿ. ‘ನಿಲ್ಲಿ’ ಎಂಬ ಕೂಗಿಗೆ ಹಿರಿಯರು ತಿರುಗಿ ನೋಡುತ್ತಾರೆ. ತುಟಿಯ ಮೇಲೆ ಬೆರಳಿಡುತ್ತಾರೆ, ಅಂಗೈ ಎತ್ತಿ ತೋರಿಸುತ್ತಾರೆ, ಮಗಳ ಮನೆಯ ಕಡೆ ಕೈ ಮಾಡುತ್ತಾರೆ, ನಡೆಯುತ್ತಾರೆ. ‘ಕೈಯಲ್ಲಿರುವುದನ್ನು ಕೆಳಗಿಡಿ’ ಎಂದಾಗ ಇನ್ನೂ ಗಟ್ಟಿಯಾಗಿ ಅವಚಿಕೊಳ್ಳುತ್ತಾರೆ. ಅಧಿಕಾರಿ ಭುಜ ಹಿಡಿದಾಗ ಕೊಸರುತ್ತಾರೆ. ಮೊಸರಿನ ಪ್ಲಾಸ್ಟಿಕ್ ಡಬ್ಬಿಯೊಂದು ಬಿದ್ದು ಒದ್ದೆ ರಸ್ತೆಯ ತುಂಬ ಕೆಂಪು ಹೂ. ಬೇಡಿ ಹಾಕುವಾಗಲೂ ಅವರ ಬಾಯಿಂದ ಒಂದು ಶಬ್ದವಿಲ್ಲ.

ಸ್ನಾನವಾದ ಮೇಲೆ ಪೂಜೆ ಮುಗಿಯುವ ತನಕ ಅವರಿಗೆ ಮೌನ. ಲಿಂಗಕ್ಕೆಂದು ಕಿತ್ತ ಹೂವನ್ನು ನೆಲಕ್ಕಿಡುವಂತಿಲ್ಲ. ನೋಡಿದ ತಕ್ಷಣ ನನಗೆ ಅದು ಗೊತ್ತಾಯಿತು. ಆ ಅಂಗೈಯ ಅರ್ಥ ‘ಸ್ವಲ್ಪ ತಡಿ, ಪೂಜೆ ಮುಗಿಸಿ ಬಂದೆ’ ಎಂದು. ಆದರೆ ದುಭಾಷಿ ಮಾತನ್ನು ತರಬಹುದೇ ಹೊರತು ಮೌನವನ್ನಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ನಾಲಿಗೆ ಕಚ್ಚಿ ಹಿಡಿದು ಕೂತೆ. ಅದೇ ಅಂದಿನ ಅತಿ ಕಷ್ಟದ ಕೆಲಸ.

ಹಿರಿಯರೇ ಸಾಕ್ಷಿಕಟ್ಟೆಗೆ ಹೋಗಿ ಅದನ್ನು ಹೇಳಿದರು. ಸರ್ಕಾರದ ವಕೀಲರು ಕೇಳಿದರು: “ಅವರು ಪೊಲೀಸ್ ಎಂದು ನಿಮಗೆ ಗೊತ್ತಿತ್ತಲ್ಲವೇ?”

“ಗೊತ್ತಿತ್ತು. ಡ್ರೆಸ್ ಇತ್ತಲ್ಲ.”

“ನಿಲ್ಲಲು ಹೇಳುತ್ತಿದ್ದಾರೆಂದು ತಿಳಿಯಿತೇ?”

“ತಿಳೀತು ಸ್ವಾಮಿ. ಅದಕ್ಕೇ ತಡೀಪ್ಪ ಬತ್ತೀನಿ ಅಂತ ಕೈ ಮಾಡ್ದೆ. ಮನೆ ಮೂರನೇದು. ಓಡೋಗೋದಾದ್ರೆ ಮನೆ ತೋರ್ಸಿ ಓಡೋಯ್ತಾರಾ?”

ವಕೀಲರು ಹಾಳೆ ತಿರುವಿ, ಬೇರೆ ಪ್ರಶ್ನೆಯಿಲ್ಲ ಅಂದರು.

ತೀರ್ಪು ಸರಳವಾಗಿತ್ತು, ಯಾರನ್ನೂ ಹೀನಾಯ ಮಾಡಲಿಲ್ಲ. ಕತ್ತಲೆಯಲ್ಲಿ ಮುಖ ಮುಚ್ಚಿಕೊಂಡವನೊಬ್ಬ ಬೇರೆಯವರ ಅಂಗಳದಲ್ಲಿದ್ದಾನೆಂದು ದೂರು ಬಂದಾಗ ಅಧಿಕಾರಿಗೆ ತಡೆದು ವಿಚಾರಿಸುವ ಅಧಿಕಾರವಿತ್ತು; ಮೊದಲ ಅರ್ಜಿ ಬಿದ್ದುಹೋಯಿತು. ಆದರೆ ಮಾತಾಡದೆ ಇರುವುದೇ ಅಡ್ಡಿಯಲ್ಲ. ಅಡ್ಡಿಪಡಿಸಬೇಕೆಂದೇ ಅಡ್ಡಿಪಡಿಸಿದರೆ ಮಾತ್ರ ಅಪರಾಧ. ಬಾಯಿಗೆ ಬೆರಳಿಟ್ಟು, ಮನೆ ತೋರಿಸಿ, ಕಾಯಲು ಕೇಳಿಕೊಂಡವರಲ್ಲಿ ಆ ಉದ್ದೇಶ ಕಾಣುವುದಿಲ್ಲ. ಕೇಸು ವಜಾ.

ನಾನು ‘ವಜಾ’ ಎಂದು ಕಿವಿಯಲ್ಲಿ ಹೇಳಿ ಮುಗಿಸುವ ಮೊದಲೇ ಮಗಳು ಅಳತೊಡಗಿದಳು. ಹಿರಿಯರು ಮಾತ್ರ ಕೂರಲಿಲ್ಲ.

“ಸ್ವಾಮಿ, ಹಂಗಾದ್ರೆ ಹೂವಿಂದು?”

“ಹೂವಿನ ವಿಷಯ ಈ ಕೋರ್ಟಿನ ಮುಂದೆ ಇಲ್ಲ,” ಅಂದರು ನ್ಯಾಯಾಧೀಶರು.

“ಅಂದ್ರೆ ಅದು ಬಾಕಿ ಅಂತಾಯ್ತು.”

ನಾನು ಅದನ್ನೂ ಇಂಗ್ಲಿಷಿಗೆ ತಂದೆ. ನ್ಯಾಯಾಧೀಶರು ನಕ್ಕು, ಹೌದು, ಬಹುಶಃ ಬಾಕಿ, ಎಂದು ಎದ್ದು ಹೋದರು.

ಹೊರಗೆ ಕಾರಿಡಾರಿನಲ್ಲಿ ಬೆಳ್ಳಿಗೂದಲಿನ ಹೆಂಗಸೊಬ್ಬರು ಊರುಗೋಲು ಹಿಡಿದು ಕೂತಿದ್ದರು. ಫೋನ್ ಮಾಡಿದವರು ಅವರೇ. ಸಾಕ್ಷಿಗೆಂದು ಕರೆಸಿ, ಒಳಗೆ ಕರೆಯದೆ ಇಡೀ ಬೆಳಗು ಕೂರಿಸಿದ್ದರು. ಹಿರಿಯರು ಹೋಗಿ ಅವರ ಮುಂದೆ ಕೈಮುಗಿದು ನಿಂತರು. ವಕೀಲೆ ನನ್ನ ಕಡೆ ತಿರುಗಿ, “ನೀವು ಇನ್ನೂ ಡ್ಯೂಟಿಯಲ್ಲಿದ್ದೀರಾ?” ಎಂದರು. ಕೋರ್ಟಿನ ಗುಮಾಸ್ತೆ ನನ್ನನ್ನು ಇನ್ನೂ ಹೋಗಲು ಬಿಟ್ಟಿರಲಿಲ್ಲ. ಹೋಗಿ ನಡುವೆ ನಿಂತೆ.

“ನಾನೇ ತಾಯಿ ಆ ಹೂ ಕಿತ್ತೋನು. ತಪ್ಪಾಯ್ತು.”

“ಅದನ್ನು ನನ್ನ ಗಂಡ ನೆಟ್ಟದ್ದು,” ಅಂದರು ಆಕೆ. “ಅವರು ಹೋದಮೇಲೆ ನಾನು ಒಂದು ಹೂವನ್ನೂ ಕಿತ್ತಿಲ್ಲ. ಎಷ್ಟು ಹೆದರಿದ್ದೆ ಗೊತ್ತಾ ನಿಮಗೆ? ಬೆಲ್ ಒತ್ತಿ ಕೇಳಬಾರದಿತ್ತೇ?”

“ಅಷ್ಟೊತ್ನಲ್ಲಿ ಬೆಲ್ ಒತ್ತಿದ್ರೆ ಬೈತೀರಿ ಅಂದ್ಕೊಂಡೆ.”

“ಖಂಡಿತ ಬೈಯುತ್ತಿದ್ದೆ. ಎಂಟು ಗಂಟೆಯ ಮೇಲೆ ಬನ್ನಿ.”

“ಅಷ್ಟೊತ್ಗೆ ಪೂಜೆ ಮುಗ್ದೋಗಿರತ್ತೆ ತಾಯಿ.”

ಆಕೆ ನನ್ನನ್ನು ನೋಡಿದರು, ನನ್ನ ತಪ್ಪೇನೋ ಎಂಬಂತೆ. “ಹಾಗಾದರೆ ಹಿಂದಿನ ಸಂಜೆ ಬಂದು ಕೇಳಲಿ. ಆ ಕೆಂಪು ಹೂವಿನ ಕಾಲ ಮುಗಿಯಿತು. ಈಗ ನೀಲಿಯದಿದೆ, ನೀಲಿ ಆಗುತ್ತಾ ಕೇಳಿ.”

“ಆಗ್ತದೆ, ಆಗ್ತದೆ,” ಅಂದರು ಹಿರಿಯರು. “ನಮ್ಮನೇಲೂ ಹೋಗಿ ವರ್ಷ ಆಯ್ತು ತಾಯಿ. ಅವಳ ಪೂಜೆಗೆ ನಾನಿರ್ಲಿಲ್ಲ. ನಾಳೆ ಮೊದಲ್ನೇ ಹೂ ನಿಮ್ಮ ಯಜಮಾನ್ರ ಹೆಸ್ರಲ್ಲಿ ಏರಿಸ್ತೀನಿ, ಎರಡನೇದು ಅವಳ ಹೆಸ್ರಲ್ಲಿ.”

‘ನಮ್ಮನೇಲಿ’ ಅಂದರೆ ಹೆಂಡತಿ. ಅದನ್ನು ಹಾಗೆಯೇ ಹೇಳಿದೆ. ಕಟ್ಟುಪಾಡಿನಂತೆ ‘ನಾನು’ ಎಂದೇ ಹೇಳಿದೆ: ನಾಳೆ ಮೊದಲ ಹೂವನ್ನು ನಿಮ್ಮ ಗಂಡನ ಹೆಸರಿನಲ್ಲಿ ನಾನು ದೇವರಿಗೆ ಏರಿಸುತ್ತೇನೆ. ಹೇಳುವಾಗ ಆ ಮುದುಕಿ ಹಿರಿಯರನ್ನಲ್ಲ, ನನ್ನನ್ನೇ ನೋಡುತ್ತಿದ್ದರು. ನನ್ನ ಕೈಯನ್ನೇ ಹಿಡಿದುಕೊಂಡರು.

ಗುಮಾಸ್ತೆ ಬಂದು ಇನ್ನು ಹೋಗಬಹುದು ಅಂದರು. ಮಗಳು ಲಿಫ್ಟಿನ ಹತ್ತಿರ ನಿಂತಿದ್ದಳು. ಬಾಗಿಲು ಮುಚ್ಚದಂತೆ ಕೈ ಅಡ್ಡ ಇಟ್ಟು ನನ್ನನ್ನು ಒಳಗೆ ಬಿಟ್ಟುಕೊಂಡಳು. ಅದು ಕ್ಷಮೆಯೋ ಬರೀ ಸೌಜನ್ಯವೋ ತಿಳಿಯದು. ಎರಡರಲ್ಲಿ ಯಾವುದಾದರೂ ನನಗೆ ಸಾಕಾಗಿತ್ತು.

ಹಿರಿಯರು ಅಂದು ಸಂಜೆ ಆ ಮನೆಗೆ ಹೋದರೋ ಇಲ್ಲವೋ ಗೊತ್ತಿಲ್ಲ. ಫೋನ್ ಮಾಡಿ ವಿಚಾರಿಸುವಂತಿಲ್ಲ. ಮನೆಗೆ ಬಂದವಳು ಅತ್ತೆಯವರಿಗೆ ಊಟ ಬಡಿಸಿ, ಕೂತಲ್ಲೇ ನಿದ್ದೆ ಹೋದೆ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿದೆ. ಅಂಗಡಿಯಿಂದ ತಂದಿದ್ದ ಹೂವಿನ ಕಟ್ಟಿನಿಂದ ಒಂದನ್ನು ಬಿಡಿಸಿ, ಹೆಸರು ಗೊತ್ತಿಲ್ಲದ ಆ ಗಂಡಸಿನ ಹೆಸರಿನಲ್ಲಿ ಮೊದಲು ಇಟ್ಟೆ. ಇನ್ನೊಂದನ್ನು ನಾನು ಪೂಜೆ ತಪ್ಪಿಸಿದ ಆ ಹೆಂಗಸಿನ ಹೆಸರಿನಲ್ಲಿ. ಮಾತು ಅವರದೇ ಇರಬಹುದು. ಆಡಿದ ಬಾಯಿ ನನ್ನದಾಗಿತ್ತು.